ನಾವು ‘ನಾಮ’ ಆದ ದಿನ

1994ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗದಗಿನಲ್ಲಿದ್ದ ಸೋದರಮಾವನ ಪ್ರೆಸ್ಸಿಗೆ ಸೇರಿದೆ. ಮೊದಲ ತಿಂಗಳು ಕೊಟ್ಟ ಕೆಲಸ ಒಂದೇ. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ಮೊಳೆಗಳನ್ನು, ಅಂದರೆ ಸೀಸದ ಅಚ್ಚಕ್ಷರಗಳನ್ನು, ಒರೆಸಿ, ಒಂದೊಂದನ್ನೇ ಅದರದರ ಖಾನೆಗೆ ಹಾಕುವುದು. ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ನೂರಾರು ಖಾನೆ. ನಾನು ತಡಕಾಡುವುದನ್ನು ನೋಡಿ ಮಾವ ಹೇಳುತ್ತಿದ್ದರು, “ತಮ್ಮಾ, ಹಿಂಗ ಹುಡುಕ್ಕೋತ ಕುಂತ್ರ ಲಗ್ನ ಮುಗದ ಮ್ಯಾಲ ಲಗ್ನಪತ್ರಿಕಿ ಕೊಡಬೇಕಾಗತೈತಿ.”

ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಸಾಲು ತಲೆಕೆಳಗಾಗಿ ಕೂಡುತ್ತದೆ. ಹಾಗೆಯೇ ಓದಿ ಓದಿ ರೂಢಿಯಾಯಿತು. ಇವತ್ತಿಗೂ ಗಿರಾಕಿ ಎದುರು ಕೂತು ಕಾಗದ ಬಿಚ್ಚಿದರೆ, ಅವರು ನನ್ನ ಕಡೆ ತಿರುಗಿಸುವಷ್ಟರಲ್ಲಿ ನಾನು ಅರ್ಧ ಓದಿ ಮುಗಿಸಿರುತ್ತೇನೆ. ವಕೀಲರಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ.

ಆಗಿನ ತಪ್ಪುಗಳು ಕಣ್ಣಿಗೆ ಕಾಣುವಂಥವು. ಒತ್ತಿನ ಮೊಳೆ ಸಣ್ಣದು. ಕಟ್ಟು ಸಡಿಲಾಗಿದ್ದರೆ ಟ್ರೆಡಲ್ ಅಚ್ಚುಯಂತ್ರದ ಹೊಡೆತಕ್ಕೆ ಜಾರಿ ಬೀಳುತ್ತಿತ್ತು. ಒಮ್ಮೆ ಒಂದು ಆಮಂತ್ರಣದಲ್ಲಿ ‘ಪತ್ನಿ’ಯ ಕೆಳಗಿನ ಒತ್ತು ಬಿದ್ದು ಹೋಗಿ ‘ಪತಿ’ ಎಂದು ಅಚ್ಚಾಯಿತು. ಮುನ್ನೂರು ಪ್ರತಿಯಲ್ಲಿ ಎಷ್ಟನೆಯದಕ್ಕೆ ಬಿತ್ತೋ, ಎಲ್ಲವನ್ನೂ ಹರವಿ ಹುಡುಕಬೇಕಾಯಿತು.

1999ರ ಹೊತ್ತಿಗೆ ಕಂಪ್ಯೂಟರ್ ಬಂತು. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವುದು, ಬಟರ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆಯುವುದು, ಅದರಿಂದ ಪ್ಲೇಟ್ ಮಾಡಿಸಿ ಆಫ್‌ಸೆಟ್‌ಗೆ ಹಾಕುವುದು. ಖಾನೆ ಹುಡುಕಿದ್ದವನಿಗೆ ಕೀಬೋರ್ಡ್ ಸಲೀಸಾಯಿತು. ಆಮೇಲೆ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಬಂತು. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಒತ್ತು ಬೇಕಾದರೆ ನಡುವೆ ಎಫ್ ಒತ್ತಿದರಾಯಿತು. ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಕೀಲಿಗೆ ‘ಕನ್ನಡ’. ಅಷ್ಟೊಂದು ಖಾನೆಗಳನ್ನು ಇಪ್ಪತ್ತಾರು ಕೀಲಿಯಲ್ಲಿ ಅಡಗಿಸಿಟ್ಟ ಆ ಬುದ್ಧಿಗೆ ನಾನು ಈಗಲೂ ಬೆರಗಾಗುತ್ತೇನೆ.

ತಪ್ಪು ಮಾತ್ರ ಹೋಗಲಿಲ್ಲ, ಅದರ ಜಾತಿ ಬದಲಾಯಿತು. ಹಳೆಯ ನುಡಿ ಫಾಂಟಿನ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ‘ಕ’ ಅಂದರೆ ಕಂಪ್ಯೂಟರಿಗೆ ಒಂದು ಪಿ, ಅದರ ಪಕ್ಕ ತಲೆ ಮೇಲೆ ಗೆರೆ ಹೊತ್ತ ಒಂದು ಎ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಅದನ್ನು ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಸಂಕೇತಕ್ಕೆ, ಪರಿವರ್ತಿಸುವಾಗ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತವೆ. ಹಾಗಾಗಿ ಮೊದಲು ಇಂಗ್ಲಿಷ್ ಪದಗಳನ್ನು ಬೇರೆ ತೆಗೆದಿಟ್ಟು, ಆ ಜಾಗದಲ್ಲಿ ಅಂಕಿ ಹಾಕಿ, ಆಮೇಲೆ ಪರಿವರ್ತಿಸುತ್ತೇನೆ. ಬೇಸರದ ಕೆಲಸ, ಆದರೆ ಬೇರೆ ದಾರಿ ಸಿಕ್ಕಿಲ್ಲ.

ನನ್ನ ಅಂಗಡಿಗೆ ಈಗಲೂ ಎಲ್ಲ ಕಾಲದವರೂ ಬರುತ್ತಾರೆ. ವಕೀಲರ ಗುಮಾಸ್ತರದು ಹಳೆಯ ನುಡಿ ಕಡತ. ಹೊಸದಾಗಿ ದವಾಖಾನೆ ತೆರೆದ ಡಾಕ್ಟರು ಬೋರ್ಡಿನ ಮಾತುಗಳನ್ನು ವಾಟ್ಸಾಪಿನಲ್ಲಿ ಯೂನಿಕೋಡ್‌ನಲ್ಲೇ ಕಳಿಸುತ್ತಾರೆ. ಅದರಲ್ಲಿ ಬರುವ ಕಾಟ ಬೇರೆ. ‘ರ‍್ಯಾಂಕ್’ ಸರಿಯಾಗಿ ಮೂಡಲು, ‘ಸಾಫ್ಟ್‌ವೇರ್’ನಲ್ಲಿ ಟ ಮತ್ತು ವ ಅಂಟಿಕೊಳ್ಳದಿರಲು, ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವಾಗ ಅದು ಉದುರಿದರೆ ರಾಜ್‌ಕುಮಾರ್ ಹೋಗಿ ‘ರಾಜ್ಕುಮಾರ್’ ಆಗುತ್ತಾರೆ. ಬಿದ್ದ ಒತ್ತಿನ ಮೊಳೆಯನ್ನು ನೆಲದ ಮೇಲಾದರೂ ಹುಡುಕಬಹುದಿತ್ತು. ಇದನ್ನು ಎಲ್ಲಿ ಹುಡುಕುವುದು, ಹೇಳಿ?

ಇನ್ನು ನಾನೇ ಮಾಡಿಕೊಂಡ ಎಡವಟ್ಟಿಗೆ ಬರುತ್ತೇನೆ. ನಿವೃತ್ತ ಮಾಸ್ತರರೊಬ್ಬರು ತಮ್ಮ ತಂದೆ ಬರೆದ ಹಳೆಯ ಪುಸ್ತಕ ತಂದರು, ಮರುಮುದ್ರಣಕ್ಕೆ. ಇನ್ನೂರು ಪುಟ. ಟೈಪ್ ಮಾಡುವ ಬದಲು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಕ್ಕೆ ಕೊಟ್ಟೆ. ಹೊಸ ಅಚ್ಚಿನ ಪುಟವಾದರೆ ಅದು ಚೆನ್ನಾಗಿಯೇ ಓದುತ್ತದೆ. ಸವೆದ ಮೊಳೆಯ ಅಚ್ಚಿನಲ್ಲಿ ಎಡವುತ್ತದೆ. ‘ಧ’ದ ಕೆಳಗಿನ ಗೆರೆ ಮಾಸಿದ್ದರೆ ‘ದ’ ಎನ್ನುತ್ತದೆ. ಎಲ್ಲಕ್ಕಿಂತ ಜಾಸ್ತಿ ‘ಮ’ಕಾರದ ಕಾಟ. ಕನ್ನಡದಲ್ಲಿ ‘ಮ’ ಮತ್ತು ‘ವು’ ಎಷ್ಟು ಹೋಲುತ್ತವೆ ನೋಡಿ! ಪುಟದ ತುಂಬ ‘ವುಳೆ’, ‘ವುನೆ’, ‘ವುಗ’.

ಮೂರು ದಿನ ಒಂದೊಂದೇ ತಿದ್ದಿದೆ. ನಾಲ್ಕನೆಯ ದಿನ ತಾಳ್ಮೆ ಹೋಯಿತು. ‘ವು’ ಇದ್ದಲ್ಲೆಲ್ಲ ‘ಮ’ ಹಾಕು ಎಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ. ಕ್ಷಣದಲ್ಲಿ ಮುಗಿಸಿತು. ಮೊದಲ ಪುಟ ನೋಡಿದೆ, ಮಳೆ ಮಳೆಯಾಗಿತ್ತು, ಮನೆ ಮನೆಯಾಗಿತ್ತು. ಖುಷಿಯಲ್ಲಿ ಉಳಿದದ್ದನ್ನು ನೋಡದೆ ಪ್ರೂಫ್ ಕಳಿಸಿಬಿಟ್ಟೆ.

ರಾತ್ರಿ ಮಾಸ್ತರರ ಫೋನು. “ಏನ್ರೀ, ನಮಗ ನಾಮಾ ಹಾಕಿದ್ರಲ್ಲ!”

ನನಗೆ ಅರ್ಥವಾಗಲಿಲ್ಲ. ಅವರೇ ಓದಿ ಹೇಳಿದರು. “ನಾಮ ಊರಿಗೆ ಹೋದೆಮ. ದಾರಿಯಲ್ಲಿ ಹಾಮ ಕಂಡಿತು.” ಹೂವೆಲ್ಲ ‘ಹೂಮ’, ನೋವೆಲ್ಲ ‘ನೋಮ’. ಮೂರು ದಿನದ ತಿದ್ದುಪಡಿಯೂ ಅದೇ ಕಡತದಲ್ಲಿತ್ತು, ಬೇರೆ ಪ್ರತಿ ಇಟ್ಟಿರಲಿಲ್ಲ. ಮತ್ತೆ ಮೊದಲಿನಿಂದ ಶುರು.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ದಿನದ ಕೊನೆಗೆ ಕಡತಕ್ಕೆ ಆ ದಿನದ ತಾರೀಕು ಹಾಕಿ ಬೇರೆ ಪ್ರತಿ ತೆಗೆದಿಡುತ್ತೇನೆ. ಕೊನೆಯ ಪ್ರೂಫನ್ನು ಪರದೆ ಮೇಲೆ ನೋಡುವುದಿಲ್ಲ. ಕಾಗದದ ಮೇಲೆ ತೆಗೆದು, ಸಾಲಿನ ಕೆಳಗೆ ಪಟ್ಟಿ ಇಟ್ಟುಕೊಂಡು, ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇನೆ. ಮುಂದಿನಿಂದ ಓದಿದರೆ ಕಥೆ ಎಳೆದುಕೊಂಡು ಹೋಗುತ್ತದೆ, ತಪ್ಪು ಜಾರಿ ಹೋಗುತ್ತದೆ. ತೀರಾ ಅನುಮಾನ ಬಂದ ಶೀರ್ಷಿಕೆಯನ್ನು ತಲೆಕೆಳಗು ಮಾಡಿ ಓದುವುದೂ ಉಂಟು. ಮಾವನ ಪ್ರೆಸ್ಸಿನ ವಿದ್ಯೆ, ಸುಮ್ನೆ ಯಾಕೆ ಬಿಡಲಿ?

ಮಾಸ್ತರರು ಬೇಜಾರಾಗಲಿಲ್ಲ. ಈಗ ತಮ್ಮ ನೆನಪುಗಳನ್ನೇ ಪುಸ್ತಕ ಮಾಡಿಸುತ್ತಿದ್ದಾರೆ. ಕೈ ನಡುಗುತ್ತದೆಂದು ಮೊಬೈಲಿಗೆ ಮಾತಾಡಿ ಅಕ್ಷರ ಮಾಡಿ ಕಳಿಸುತ್ತಾರೆ. ಪೂರ್ಣವಿರಾಮವೇ ಇರುವುದಿಲ್ಲ, ಎಲ್ಲ ಒಂದೇ ಉಸಿರು. ಅದರಲ್ಲಿ ಕಾಗುಣಿತದ ತಪ್ಪು ಕಡಿಮೆ, ಪದಗಳೆಲ್ಲ ಸರಿಯಾದ ಪದಗಳೇ. ಹಾಗಾಗಿಯೇ ಹಿಡಿಯುವುದು ಕಷ್ಟ. ಕಳೆದ ವಾರದ ಕಂತಿನಲ್ಲಿ ‘ಸಾಲಿ ಬಿಟ್ಟ ಮೇಲೆ ಹಾಡು ಮೇಯಿಸಲು ಗುಡ್ಡಕ್ಕೆ ಹೋಗುತ್ತಿದ್ದೆ’ ಎಂದಿತ್ತು. ಎರಡು ಸಲ ದಾಟಿಕೊಂಡು ಹೋಗಿದ್ದೆ, ಚೆಂದದ ಸಾಲು ಅಂದುಕೊಂಡು. ಮೂರನೆಯ ಸಲ ಫೋನ್ ಮಾಡಿದೆ.

“ಸರ್, ನೀವು ಮೇಯಿಸಿದ್ದು ಹಾಡೋ, ಆಡೋ?”

“ಆಡ್ರೀ ಮಾರಾಯರ. ನಾಲ್ಕಿದ್ದುವು.”