ಗಾಳಿ ನೋಡಿ ಘಟ್ಟ ದಾಟಿ: ನ್ಯೂಜಿಲೆಂಡ್ ದಕ್ಷಿಣ ದ್ವೀಪದಲ್ಲಿ 16 ದಿನ

ಯಾವ ದಿನ ಯಾವ ಊರು ಎಂದು ಬರೆದುಕೊಳ್ಳದೆ, ರೂಮು ಬುಕ್ ಮಾಡದೆ ಹೊರಟಾಗ ಜೊತೆಯವರು ನಕ್ಕಿದ್ದರು. 16ರಲ್ಲಿ 11 ದಿನ ಒಣ ಬೂಟಿನಲ್ಲಿ ನಡೆದೆವು. ಹಿಂದಿನ ಸಲ ಕ್ರೈಸ್ಟ್‌ಚರ್ಚ್‌ನಿಂದ ಮಾಮೂಲಿ ಸುತ್ತು ಹೊಡೆದಾಗ ದಕ್ಕಿದ್ದು ನಾಲ್ಕೇ ದಿನ.

ದ್ವೀಪದ ಬೆನ್ನೆಲುಬಾದ ಸದರ್ನ್ ಆಲ್ಪ್ಸ್ ಪರ್ವತಸಾಲನ್ನು ನಮ್ಮ ಘಟ್ಟದ ಹಾಗೆ ಓದಬೇಕು. ವಾಯವ್ಯದ ಗಾಳಿ ಎದ್ದರೆ ಪಶ್ಚಿಮ ಕರಾವಳಿಗೆ ಆಗುಂಬೆ ಮಳೆ, ಪೂರ್ವಕ್ಕೆ ಬಯಲುಸೀಮೆಯ ಬಿಸಿಲು. ದಕ್ಷಿಣದ ಗಾಳಿ ಬಂದರೆ ಹೆಚ್ಚಾಗಿ ಅದಲುಬದಲು. ದಾಟಲು ಲೂಯಿಸ್, ಆರ್ಥರ್ಸ್, ಹಾಸ್ಟ್ ಎಂಬ ಮೂರು ಘಟ್ಟದ ದಾರಿಗಳು, ಅಂದರೆ ಪಾಸ್‌ಗಳಿವೆ. ಅಲ್ಲಿನ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನಲ್ಲಿ ಮೋಡದ ಚಿತ್ರ ಬಿಡಿ, ಸಂಜೆಗೊಮ್ಮೆ ಗಾಳಿಯ ದಿಕ್ಕು ನೋಡಿ.

ಮೊದಲು ಕೈಕೊಟ್ಟಿದ್ದು ಮೌಂಟ್ ಕುಕ್ ಊರು. ಪೂರ್ವಕ್ಕಿದೆ, ಒಣಗಿರುತ್ತದೆ ಅಂದುಕೊಂಡು ವಾಯವ್ಯದ ದಿನವೇ ಅಲ್ಲಿನ ವೈಟ್ ಹಾರ್ಸ್ ಹಿಲ್ ಕ್ಯಾಂಪಿನಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ನೆನೆದಿದ್ದಾಯಿತು. ಊರು ಶಿಖರಸಾಲಿನ ಬುಡಕ್ಕೇ ಅಂಟಿಕೊಂಡಿದೆ. ಮಳೆ ಆಚೆಯಿಂದ ತುಳುಕುತ್ತದೆ. ಸುಮಾರು 60 ಕಿ.ಮೀ. ಕೆಳಗೆ ಟ್ವೈಜಲ್‌ನಲ್ಲಿ ಬಟ್ಟೆ ಒಣಗುತ್ತಿತ್ತು. ಆರ್ಥರ್ಸ್ ಪಾಸ್ ಊರಿಗೂ ಇದೇ ಗತಿ, ಕ್ಯಾಸಲ್ ಹಿಲ್‌ಗೆ ಇಳಿದರೆ ಬಿಸಿಲು. ಆದ್ದರಿಂದ ವಾಯವ್ಯದ ದಿನ ಪೂರ್ವದ ಟೆಕಪೋ, ಒಹಾವು ಸರೋವರಗಳ ಕಡೆ ಸಣ್ಣ ನಡಿಗೆ. ಮೌಂಟ್ ಕುಕ್ ಊರಿನ ಮೇಲಿರುವ ಮ್ಯೂಲರ್ ಹಟ್‌ಗೆ ಹೋಗುವುದು ದಕ್ಷಿಣದ ಗಾಳಿ ಬಂದು, ನಿಂತ ಮಾರನೇ ದಿನ. 1,800 ಮೀಟರ್ ಎತ್ತರ, ಸೀಲಿ ಟಾರ್ನ್ಸ್‌ವರೆಗೆ 2,200 ಮೆಟ್ಟಿಲು, ಮೇಲೆ ಬರೀ ಕಲ್ಲು. ಅಲ್ಲಿ ಬೇಸಿಗೆಯಾದ ಡಿಸೆಂಬರ್‌ನಲ್ಲೂ ಹಿಮ ಸಿಕ್ಕಿತು. ದಕ್ಷಿಣದ ಗಾಳಿ ಬೀಸುವಾಗ ಪಶ್ಚಿಮದ ಫ್ರಾಂಜ್ ಜೋಸೆಫ್‌ನಲ್ಲಿ ರಾಬರ್ಟ್ಸ್ ಪಾಯಿಂಟ್ ಚಾರಣ ಮಾಡಿ. ಬಂಡೆ ಜಾರುತ್ತದೆ, ಹೋಗಿಬರಲು ಐದು ತಾಸಿನ ಮೇಲೆ. ವಾನಾಕಾ ಹತ್ತಿರದ ರಾಯ್ಸ್ ಪೀಕ್ ದಾರಿ ಕುರಿ ಮರಿಹಾಕುವ ಕಾಲಕ್ಕೆ ಮುಚ್ಚಿರುತ್ತದೆ, ಅಕ್ಟೋಬರ್ 1ರಿಂದ ನವೆಂಬರ್ 10.

ದುಡ್ಡಿನ ಮಾತು. ಕ್ಯಾಂಪರ್‌ವ್ಯಾನ್ ದಿನಕ್ಕೆ 200 ನ್ಯೂಜಿಲೆಂಡ್ ಡಾಲರ್ ಮೇಲೆ ಕೇಳಿದರು. ಹಳೇ ಪೆಟ್ರೋಲ್ ಸ್ಟೇಷನ್ ವ್ಯಾಗನ್ 70ರ ಆಸುಪಾಸು. ಡೀಸೆಲ್ ಗಾಡಿ ಅಗ್ಗ ಅಂತ ಬೀಳಬೇಡಿ, ರಸ್ತೆ ತೆರಿಗೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಕೊನೆಗೆ ವಸೂಲಿ ಮಾಡುತ್ತಾರೆ. 2,300 ಕಿ.ಮೀ.ಗೆ ಪೆಟ್ರೋಲ್ 500 ಡಾಲರ್ ಚಿಲ್ಲರೆ ಆಯಿತು. ಡಾಕ್ (ಸರ್ಕಾರದ ಸಂರಕ್ಷಣಾ ಇಲಾಖೆ) ಕ್ಯಾಂಪಿನಲ್ಲಿ ಆಗ ತಲೆಗೆ 10–15 ಆಯಿತು. ಜಲ್ಲಿ ಸಿಡಿದು ಗಾಜಿಗೆ ಬಿದ್ದ ಅಕ್ಕಿಕಾಳಿನಷ್ಟು ಮಚ್ಚೆಗೆ 300 ಡಾಲರ್ ಹೋಯಿತು. ಗಾಜು, ಟಯರಿಗೆ ಬೇರೆ ವಿಮೆ ಮಾಡಿಸಿ. ಪಶ್ಚಿಮ ಕರಾವಳಿಯ ಫಾಕ್ಸ್‌ನಿಂದ ಹಾಸ್ಟ್ ಊರಿಗೆ ಸುಮಾರು 120 ಕಿ.ಮೀ., ಅರ್ಧ ಟ್ಯಾಂಕ್ ಇದ್ದರೂ ಫಾಕ್ಸ್‌ನಲ್ಲೇ ತುಂಬಿಸಿಕೊಳ್ಳಿ. ಒಂದೇ ಗಾಡಿ ಹಿಡಿಸುವ ಸೇತುವೆಯಲ್ಲಿ ನಿಮ್ಮ ಕಡೆಗೆ ಸಣ್ಣ ಕೆಂಪು ಬಾಣ ಕಂಡರೆ ಎದುರಿನ ಗಾಡಿಗೆ ದಾರಿ ಬಿಡಿ.

ಒಂದು ಅಡ್ಡ ಪ್ರಯೋಗ: ಒಂದು ಲೋಟ ಅಕ್ಕಿ, ಅರ್ಧ ಹೆಸರುಬೇಳೆ ನೆನೆಸಿ, ಐದು ನಿಮಿಷ ಕುದಿಸಿ, ಬಿಸಿನೀರಿನಲ್ಲಿ ಕಾಯಿಸಿದ ಅಗಲಬಾಯಿ ಫ್ಲಾಸ್ಕಿಗೆ ಸುರಿದು ಮುಕ್ಕಾಲು ಗಂಟೆ ಬಿಟ್ಟರೆ ಪೊಂಗಲ್ ಸಿದ್ಧ. 230 ಗ್ರಾಂ ಗ್ಯಾಸ್ ಇಬ್ಬರಿಗೆ ಐದು ದಿನ ಬಂತು. ಫ್ಲಾಸ್ಕ್ ಕಾಯಿಸದೆ ಸುರಿದ ದಿನ ಬೇಳೆ ಕಟಕಟ. ಚಟ್ನಿಪುಡಿ, ಅವಲಕ್ಕಿ ಒಯ್ದರೆ ದೇಶಕ್ಕೆ ಬರುವಾಗ ಕೊಡುವ ಘೋಷಣೆಯಲ್ಲಿ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ 400 ಡಾಲರ್. ಬೂಟಿನ ಮಣ್ಣು ಊರಲ್ಲೇ ಉಜ್ಜಿ ತೊಳೆದುಬಿಡಿ, ಅಲ್ಲಿ ಅಡಿಭಾಗ ತಿರುಗಿಸಿ ನೋಡುತ್ತಾರೆ.

ಹಾಸ್ಟ್ ಪಾಸ್ ಹತ್ತಿರದ ಒಂದು ಕ್ಯಾಂಪಿನಲ್ಲಿ ಮೂರು ರಾತ್ರಿ ಕಾದದ್ದು ಎಲ್ಲಕ್ಕಿಂತ ಕೆಲಸಕ್ಕೆ ಬಂತು. ಬೆಳಗ್ಗೆ ಎದ್ದು ಎಡಕ್ಕೋ ಬಲಕ್ಕೋ ಹೊರಟರಾಯಿತು. ಹೆಸರು ಹೇಳಲಾರೆ, ಇರುವುದೇ ಕೆಲವು ಜಾಗ. ನದಿ ಪಕ್ಕ ಟೆಂಟ್ ಹಾಕಬೇಡಿ, ಕಚ್ಚುವ ಸಣ್ಣ ನೊಣ ಸ್ಯಾಂಡ್‌ಫ್ಲೈ ಕಣಕಾಲು ಬಿಡುವುದಿಲ್ಲ.