ಹೊಸ ಬೋರ್‌ವೆಲ್ ಮೋಟಾರು ನೀರು ಕೊಡುತ್ತಿಲ್ಲವೇ? ಮೇಲೆತ್ತಿಸುವ ಮುಂಚೆ ಇಷ್ಟು ನೋಡಿ

ಮೋಟಾರು ಇಳಿಸಿ ಎರಡು ದಿನ ಆಗಿರುವುದಿಲ್ಲ, ಟ್ಯಾಂಕಿಗೆ ನೀರು ಬರುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮೇಲೆ ಎತ್ತಿಸಿಬಿಡಿ. ಸ್ವಲ್ಪ ತಡೆಯಿರಿ. ಎತ್ತಿ ಇಳಿಸುವ ಕೂಲಿ ಒಂದು ಕಡೆಯಿರಲಿ, ಪ್ರತಿ ಸಲವೂ ಕೇಬಲ್ಲು ಕೇಸಿಂಗ್ ಪೈಪಿನ (ಬೋರಿನ ಬಾಯಿಗೆ ಇಳಿಸಿರುವ ಅಗಲ ಪೈಪು) ಅಂಚಿಗೆ ಉಜ್ಜಿ ಸಿಪ್ಪೆ ಏಳುತ್ತದೆ, ಕೀಲುಗಳು ಸಡಿಲವಾಗುತ್ತವೆ. ಪ್ಯಾನಲ್ ಡಬ್ಬಿಯ (ಮೋಟಾರು ಆನ್-ಆಫ್ ಮಾಡುವ ಡಬ್ಬಿ) ವೋಲ್ಟೇಜ್ ಮತ್ತು ಆಂಪಿಯರ್ ತೋರಿಸುವ ಎರಡು ಮುಳ್ಳು, ಒಂದು ಬಕೆಟ್ಟು, ಒಂದು ಗಡಿಯಾರ ಇದ್ದರೆ ಕೆಳಗೆ ಏನಾಗಿದೆ ಎಂಬುದನ್ನು ಮೇಲೆ ನಿಂತೇ ಬಹುಮಟ್ಟಿಗೆ ಹೇಳಬಹುದು.

ಲೆಕ್ಕಕ್ಕೆ ಮನೆಗಳಲ್ಲಿ ಸಾಮಾನ್ಯವಾದ ಒಂದು ಜೋಡಣೆ ಇಟ್ಟುಕೊಳ್ಳೋಣ: 4 ಇಂಚಿನ ಸಿಂಗಲ್ ಫೇಸ್ ಪಂಪು, 1.5 ಎಚ್‌ಪಿ, 400 ಅಡಿ ಆಳ, ಒಂದೂಕಾಲು ಇಂಚಿನ ಪೈಪು. ಮೋಟಾರಿನ ನೇಮ್‌ಪ್ಲೇಟು ಈಗ ಬಾವಿಯೊಳಗಿದೆ. ಹಾಗಾಗಿ ಅದರ ಆಂಪಿಯರ್ ಎಷ್ಟೆಂದು ವಾರಂಟಿ ಕಾರ್ಡು ನೋಡಿ ಪ್ಯಾನಲ್ ಮುಚ್ಚಳದ ಮೇಲೆ ಬರೆದಿಡಿ. ಮುಂದಿನ ಪರೀಕ್ಷೆಗಳಿಗೆ ಆ ಅಂಕಿ ಬೇಕು.

ಮೊದಲು ವೋಲ್ಟೇಜ್. ಮೋಟಾರು ನಿಂತಿದ್ದಾಗ ಮುಳ್ಳು 225 ತೋರಿಸಿದರೆ ಸಾಲದು, ಓಡುತ್ತಿರುವಾಗ ಎಷ್ಟು ಎಂಬುದೇ ಮುಖ್ಯ. ಆನ್ ಮಾಡಿದ ಮೇಲೆ 30-40 ವೋಲ್ಟ್ ಕುಸಿದು ಅಲ್ಲೇ ನಿಂತರೆ ಮೀಟರಿನಿಂದ ಪ್ಯಾನಲ್‌ವರೆಗಿನ ವೈರು ಸಣ್ಣದು, ಇಲ್ಲವೇ ನ್ಯೂಟ್ರಲ್ ಸಡಿಲ. ಪ್ಯಾನಲ್ಲಿನಲ್ಲಿ ಕಾಣದ ಇನ್ನೊಂದು ಕುಸಿತ ಬಾವಿಯೊಳಗಿನ ಕೇಬಲ್ಲಿನದು. 400 ಅಡಿಯ 1.5 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು 30 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 2.5ರಲ್ಲಿ 18, 4ರಲ್ಲಿ 11. ಬೇಸಿಗೆಯ ಸಂಜೆ ಲೈನಿನಲ್ಲೇ 190 ಇದ್ದರೆ ಸಣ್ಣ ಕೇಬಲ್ಲಿನ ತುದಿಯಲ್ಲಿರುವ ಮೋಟಾರಿಗೆ ಸಿಗುವುದು 160. ಅಷ್ಟರಲ್ಲಿ ಅದು ಏಳುವುದು ಕಷ್ಟ. ಕೇಬಲ್ಲಿನಲ್ಲಿ ಉಳಿಸಿದ ದುಡ್ಡು ಕೊನೆಗೆ ವೈಂಡಿಂಗಿಗೆ, ಅಂದರೆ ಮೋಟಾರಿನೊಳಗಿನ ತಂತಿ ಸುತ್ತಿಗೆ, ಹೋಗುತ್ತದೆ.

ವೋಲ್ಟೇಜ್ ಸರಿಯಿದ್ದೂ ಆಂಪಿಯರ್ ಮುಳ್ಳು ತುದಿಗೆ ಹಾರಿ, ಡಬ್ಬಿ ಗುಂಯ್‌ಗುಟ್ಟಿ, ಟ್ರಿಪ್ ಆಗುತ್ತಿದೆಯೇ? ಹಸಿರು ಬಟನ್ನನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಒತ್ತಿದಷ್ಟು ಹೊತ್ತೂ ಮೋಟಾರು ಏಳಲು ಬಲ ಕೊಡುವ ಸ್ಟಾರ್ಟ್ ಕೆಪಾಸಿಟರ್ ಕೆಲಸದಲ್ಲಿರುತ್ತದೆ, ಅದು ಅಷ್ಟು ಹೊತ್ತು ತಡೆಯುವಂಥದ್ದಲ್ಲ. ಮೇನ್ ಸ್ವಿಚ್ ತೆಗೆದು ಡಬ್ಬಿ ಬಿಚ್ಚಿ. ಕೆಪಾಸಿಟರಿನ ತಲೆ ಉಬ್ಬಿದೆಯೇ, ಎಣ್ಣೆ ಜಿನುಗಿದೆಯೇ ನೋಡಿ. ಮುಟ್ಟುವ ಮುಂಚೆ ಅದರ ಎರಡು ಕಾಲಿಗೆ ಹೋಲ್ಡರಿನಲ್ಲಿರುವ 100 ವಾಟಿನ ಹಳೇ ಕಾಲದ ಬಲ್ಬು ತಾಗಿಸಿ ಒಳಗಿನ ಚಾರ್ಜ್ ಇಳಿಸಿಕೊಳ್ಳಿ. ಅದರ ಮೈಮೇಲಿನ ಮೈಕ್ರೋಫ್ಯಾರಡ್ ಅಂಕಿ ಮೋಟಾರಿನ ಕಾರ್ಡಿನಲ್ಲಿರುವ ಅಂಕಿಗೆ ಹೊಂದಬೇಕು. 1 ಎಚ್‌ಪಿಯ ಪ್ಯಾನಲ್ಲನ್ನು 1.5 ಎಚ್‌ಪಿ ಮೋಟಾರಿಗೆ ಕಟ್ಟಿ ಹೋಗಿರುವುದುಂಟು.

ಆಮೇಲೆ ಮೂರು ವೈರು. ಬಣ್ಣ ನಂಬಬೇಡಿ; ಕಂಪನಿಯಿಂದ ಕಂಪನಿಗೆ ಬೇರೆ, ಜೊತೆಗೆ ನೀರೊಳಗಿನ ಜಾಯಿಂಟಿನಲ್ಲಿ ಅದಲುಬದಲಾಗಿರಲೂಬಹುದು. ಮೂರನ್ನೂ ಪ್ಯಾನಲ್ಲಿನಿಂದ ಬಿಡಿಸಿ, ಮಲ್ಟಿಮೀಟರಿನಲ್ಲಿ ಎರಡೆರಡರ ನಡುವೆ ಓಮ್ ಅಳೆಯಿರಿ. ಅತಿ ಹೆಚ್ಚು ಬಂದ ಜೋಡಿಯಲ್ಲಿ ಇಲ್ಲದ ವೈರೇ ಕಾಮನ್. ಕಾಮನ್‌ನಿಂದ ಕಡಿಮೆ ಓಮ್ ಬಂದದ್ದು ರನ್ನಿಂಗ್, ಹೆಚ್ಚು ಬಂದದ್ದು ಸ್ಟಾರ್ಟಿಂಗ್. ಯಾವುದಾದರೂ ಜೋಡಿಯಲ್ಲಿ ಏನೂ ತೋರಿಸದಿದ್ದರೆ ಜಾಯಿಂಟ್ ಬಿಟ್ಟಿದೆ, ಇಲ್ಲವೇ ವೈಂಡಿಂಗ್ ಕಡಿದಿದೆ. ಎಲೆಕ್ಟ್ರೀಶಿಯನ್ ಬಂದಾಗ 500 ವೋಲ್ಟಿನ ಮೆಗ್ಗರಿನಲ್ಲಿ (ಕರೆಂಟು ಹೊರಗೆ ಸೋರುತ್ತಿದೆಯೇ ಎಂದು ಅಳೆಯುವ ಮೀಟರು) ವೈರಿಗೂ ಅರ್ತಿಗೂ ನಡುವೆ ಅಳೆಸಿ. ಹೊಸ ಮೋಟಾರಿನಲ್ಲಿ 2 ಮೆಗಾಓಮ್‌ಗಿಂತ ಕೆಳಗೆ ಬಂದರೆ ಜಾಯಿಂಟಿಗೆ ನೀರು ಸೇರಿದೆಯೆಂದೇ ಮೊದಲ ಅನುಮಾನ.

ಆಂಪಿಯರ್ ಸರಿಯಾಗಿದ್ದು ನೀರು ಮಾತ್ರ ಬಾರದಿದ್ದರೆ ಗಾಬರಿಯಾಗದೆ ಗಡಿಯಾರ ನೋಡಿ. 400 ಅಡಿ ಪೈಪು ತುಂಬಲು ಸುಮಾರು 100 ಲೀಟರ್ ಬೇಕು. ನಿಮಿಷಕ್ಕೆ 40 ಲೀಟರ್ ಕೊಡುವ ಪಂಪಿಗೆ ಅದು ಎರಡೂವರೆ ನಿಮಿಷದ ಕೆಲಸ. ಮೊದಲ ಸಲ ತಡವಾಗುವುದು ಸಹಜ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಈ ಸಲ ನೀರು ತಕ್ಷಣ ಬರಬೇಕು. ಮತ್ತೂ ಎರಡು ನಿಮಿಷ ಹಿಡಿದರೆ ನೀರು ವಾಪಸ್ ಇಳಿಯುತ್ತಿದೆ ಎಂದರ್ಥ. ಮೋಟಾರು ನಿಲ್ಲಿಸಿದ ಕೂಡಲೇ ಟ್ಯಾಂಕಿನ ಮೇಲಿನ ಪೈಪಿನ ಬಾಯಿಗೆ ಒದ್ದೆ ಅಂಗೈ ಇಡಿ: ಅಂಗೈಯನ್ನು ಒಳಕ್ಕೆ ಎಳೆದರೆ ನೀರು ಕೆಳಗೆ ವಾಪಸ್ ಇಳಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪೈಪಿನ ಕೀಲು ಸೋರುತ್ತಿದೆ. ಎರಡರಲ್ಲಿ ಯಾವುದೆಂದು ತಿಳಿಯಲು ಕೇಸಿಂಗಿಗೆ ಕಿವಿ ಕೊಡಿ. ಮೋಟಾರು ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ಓಡುವಾಗ ಮಾತ್ರ ಸುರಿಯುವ ಸದ್ದು ಕೇಳಿದರೆ ಕೀಲು. ಎರಡು ಸಲವೂ ಕೇಳಿದರೆ ಅದು ಬಂಡೆಯ ಸೀಳಿನಿಂದ ಬೀಳುವ ಒರತೆಯಿರಬಹುದು.

ಆಂಪಿಯರ್ ಕಾರ್ಡಿನ ಅಂಕಿಗಿಂತ ತೀರಾ ಕೆಳಗಿದ್ದರೆ ಪಂಪು ನೀರಿಲ್ಲದೆ ತಿರುಗುತ್ತಿದೆ. ತಕ್ಷಣ ನಿಲ್ಲಿಸಿ. ಹದಿನೈದು ನಿಮಿಷ ಚೆನ್ನಾಗಿ ಬಂದು ಆಮೇಲೆ ಗಾಳಿ ಉಗುಳಿದರೆ ಪಂಪಿನ ತಪ್ಪಲ್ಲ, ಒರತೆಗಿಂತ ಪಂಪು ದೊಡ್ಡದು. ಗೇಟ್ ವಾಲ್ವನ್ನು (ಹೊರಗಿನ ಪೈಪಿನಲ್ಲಿ ನೀರನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ) ಮುಚ್ಚುವ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಾಳಿ ಬಾರದೆ ಒಂದು ಗಂಟೆ ಓಡುವ ಮಟ್ಟಕ್ಕೆ ನಿಲ್ಲಿಸಿ. 20 ಲೀಟರ್ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಎಂದು ಆಗ ಬರೆದಿಟ್ಟರೆ ನಿಮ್ಮ ಬಾವಿಯ ನಿಜವಾದ ಶಕ್ತಿ ಗೊತ್ತಾಗುತ್ತದೆ. ಪೂರ್ತಿ ಮುಚ್ಚಬೇಡಿ, ಹರಿಯುವ ನೀರೇ ಮೋಟಾರನ್ನು ತಣ್ಣಗಿಡುವುದು.

ಹೊಸ ಬೋರಿನಲ್ಲಿ ಕೆಸರು ನೀರು ಬಂದೇ ಬರುತ್ತದೆ. ಅದನ್ನು ಟ್ಯಾಂಕಿಗೆ ಬಿಡದೆ ಹೊರಗೆ ಹರಿಸಿ. ದಪ್ಪ ಮರಳು ಬರುತ್ತಿರುವಾಗ ಪಂಪು ನಿಲ್ಲಿಸಿದರೆ ಪೈಪಿನೊಳಗಿನ ಮರಳೆಲ್ಲ ನಾನ್ ರಿಟರ್ನ್ ವಾಲ್ವಿನ ಮೇಲೆ ಕೂತು ಬಿಗಿಯುತ್ತದೆ. ಹಾಗಾಗಿ ಗೇಟ್ ವಾಲ್ವು ಸ್ವಲ್ಪ ಕಿರಿದು ಮಾಡಿ, ತಿಳಿಯಾಗುವವರೆಗೆ ಓಡಿಸಿ. ದಿನವಿಡೀ ಓಡಿಸಿದರೂ ಬಕೆಟ್ಟಿನ ತಳದಲ್ಲಿ ಮರಳು ಕೂರುತ್ತಿದ್ದರೆ ಮೋಟಾರನ್ನು ಒಂದು ಪೈಪಿನಷ್ಟು, ಅಂದರೆ 20 ಅಡಿ, ಮೇಲೆ ಕಟ್ಟಿಸಿ.

ಮೂರು ಫೇಸಿನ ಮೋಟಾರಾದರೆ ನೀರು ಕಡಿಮೆ ಬಂದಾಗ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿ ನೋಡಿ. ಯಾವುದರಲ್ಲಿ ಹೆಚ್ಚು ನೀರು ಬರುತ್ತದೋ ಅದೇ ಸರಿಯಾದ ದಿಕ್ಕು.

ಇಷ್ಟಾದ ಮೇಲೂ ಎತ್ತಲೇಬೇಕೆಂದರೆ ಎತ್ತಿಸಿ, ಆದರೆ ನೀವೂ ಪಕ್ಕದಲ್ಲಿ ನಿಲ್ಲಿ. ಜಾಯಿಂಟಿನ ಟೇಪು ಬಿಚ್ಚಿಸಿ ಒಳಗೆ ತೇವ ಇದೆಯೇ ನೋಡಿ. ಪಂಪು ನೀರೆಳೆಯುವ ಕಡೆಯ ಜಾಲರಿ ತೊಳೆಸಿ, ನಾನ್ ರಿಟರ್ನ್ ವಾಲ್ವಿನ ಬಿಲ್ಲೆ ಬೆರಳಿಗೆ ಸಲೀಸಾಗಿ ಆಡುತ್ತದೆಯೇ ನೋಡಿ. ನೀರು ತುಂಬುವ ಬಗೆಯ ಮೋಟಾರಾದರೆ ನೆಟ್ಟಗೆ ನಿಲ್ಲಿಸಿ ಶುದ್ಧ ನೀರು ಹಾಕಿಸಿ, ಗುಳ್ಳೆ ಬರುವುದು ನಿಂತ ಮೇಲೆ ಮತ್ತೆ ತುಂಬಿಸಿ, ಪ್ಲಗ್ಗು ಬಿಗಿಸಿ, ಬಳಿಕವೇ ಇಳಿಸಲು ಬಿಡಿ.