ಬಿಪಿ ಹತೋಟಿಯಲ್ಲಿಟ್ಟು ಹೃದಯ ವೈಫಲ್ಯ ತಡೆಯುವುದು: ಮನೆಯಲ್ಲಿ ಮಾಡಬೇಕಾದದ್ದು

ಹೃದಯ ವೈಫಲ್ಯ ಎಂದೊಡನೆ ಹೃದಯ ನಿಂತೇಹೋಯಿತೆಂದು ಅನೇಕರು ಗಾಬರಿಯಾಗುತ್ತಾರೆ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಹೃದಯಕ್ಕೆ ಆಗದಿರುವುದು, ಅಥವಾ ತಳ್ಳಿದರೂ ಅದರೊಳಗಿನ ಒತ್ತಡ ಏರಿ ಶ್ವಾಸಕೋಶದಲ್ಲೂ ಕಾಲುಗಳಲ್ಲೂ ನೀರು ತುಂಬಿಕೊಳ್ಳುವುದು ಈ ಕಾಯಿಲೆಯ ಸ್ವರೂಪ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಅಧ್ಯಯನದ 1996ರ ವರದಿಯ ಪ್ರಕಾರ, ಅಲ್ಲಿ ಹೃದಯ ವೈಫಲ್ಯಕ್ಕೆ ಒಳಗಾದವರ ಪೈಕಿ ಶೇ. 91ರಷ್ಟು ಮಂದಿಗೆ ಅದಕ್ಕೂ ಮೊದಲೇ ಅಧಿಕ ರಕ್ತದೊತ್ತಡವಿತ್ತು. ಮೂಟೆ ಹೊರುವ ಹಮಾಲಿಯ ತೋಳು ದಪ್ಪವಾದರೆ ಅವನ ಬಲ ಹೆಚ್ಚುತ್ತದೆ. ಆದರೆ ಏರಿದ ಒತ್ತಡದ ಎದುರು ದುಡಿದು ದಪ್ಪಗಾದ ಹೃದಯದ ಗೋಡೆ ಬರಬರುತ್ತಾ ಬಿಗಿಯಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಗುಣವನ್ನೇ ಕಳೆದುಕೊಳ್ಳುತ್ತದೆ, ಕೆಲವರಲ್ಲಿ ಕೊನೆಗೆ ಹಿಗ್ಗಿ ಸೋಲುತ್ತದೆ. ಇದಕ್ಕೆ ಹತ್ತಾರು ವರ್ಷ ಹಿಡಿಯುವುದರಿಂದ ತಡೆಯಲು ನಮಗೂ ಅಷ್ಟೇ ಕಾಲಾವಕಾಶವಿರುತ್ತದೆ.

ಮೊದಲ ಕೆಲಸ ಸರಿಯಾಗಿ ಅಳೆಯುವುದು. ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿಯುತ್ತಾ, ಮಾತನಾಡುತ್ತಾ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು ಪಡೆದ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸುವುದಾಗಲಿ ಕಡಿಮೆ ಮಾಡುವುದಾಗಲಿ ಸಲ್ಲದು. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ಬರಿ ತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವುದು ಹೆಚ್ಚು ನಂಬಿಕೆಗೆ ಅರ್ಹ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಚೌಕದಲ್ಲೇ ಗುರುತು ಹಾಕಿದರೂ ನಡೆಯುತ್ತದೆ. ವೈದ್ಯರ ಬಳಿ ಹೋಗುವಾಗ ಆ ಹಾಳೆ ಕೈಯಲ್ಲಿರಬೇಕು, ಅಷ್ಟೆ. ಮನೆಯ ಸರಾಸರಿ 135/85 ದಾಟಿದರೆ ಅದು ಅಧಿಕ ರಕ್ತದೊತ್ತಡ.

ಎಷ್ಟಕ್ಕೆ ಇಳಿಸಬೇಕೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಬಿಪಿಯನ್ನು 140/90ಕ್ಕಿಂತ ಕೆಳಗಿಡಲು, ಈಗಾಗಲೇ ಹೃದ್ರೋಗ ಇರುವವರಲ್ಲಿ ಮೇಲಿನ ಅಂಕಿಯನ್ನು 130ಕ್ಕಿಂತ ಕೆಳಗಿಡಲು ಹೇಳುತ್ತದೆ. ಸಕ್ಕರೆ ಕಾಯಿಲೆಯಿಲ್ಲದ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ, ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸುವ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಹೃದಯ ವೈಫಲ್ಯ ಶೇ. 38ರಷ್ಟು ಕಡಿಮೆಯಾಯಿತು, ಜೊತೆಗೆ ತಲೆಸುತ್ತು ಬರುವಷ್ಟು ಬಿಪಿ ಕುಸಿಯುವುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೆಚ್ಚಿತು. ಆದ್ದರಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವ ಹಿರಿಯರು ಈ ಗುರಿಯನ್ನು ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು.

ಉಪ್ಪಿನ ವಿಷಯದಲ್ಲಿ ನಮ್ಮ ಅಡುಗೆಮನೆಗಳು ಉದಾರಿಗಳು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ತುಂಬದಷ್ಟು, ಅದೂ ಇಡೀ ದಿನದ ಎಲ್ಲ ಅಡುಗೆ ಸೇರಿ ಎಂಬುದು ಸಲಹೆ. ಸಾರಿಗೆ ಹಾಕುವ ಉಪ್ಪನ್ನು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪು ಬೆರೆಸಿದ ಮಜ್ಜಿಗೆ ಇಟ್ಟುಕೊಂಡರೆ ಲೆಕ್ಕ ಹಿಂದಿನಂತೆಯೇ ಉಳಿಯುತ್ತದೆ. ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಅದಕ್ಕೆ ವಿನಾಯಿತಿ ಇಲ್ಲ. ಪೊಟ್ಯಾಸಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪು ಕೆಲವರಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆಯಿರುವವರು ಅಥವಾ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರನೊಲ್ಯಾಕ್ಟೋನ್‌ನಂಥ ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ದಿನಕ್ಕೆ ಅರ್ಧ ಗಂಟೆ ನಡಿಗೆ, ತೂಕ ಇಳಿಸುವುದು, ತಂಬಾಕು ಬಿಡುವುದು, ಮದ್ಯಕ್ಕೆ ಕಡಿವಾಣ ಇವೆಲ್ಲ ಗೊತ್ತಿರುವ ಸಂಗತಿಗಳೇ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ‘ಬಿಪಿ ನಾರ್ಮಲ್ ಆಯಿತು’ ಎಂದು ಮಾತ್ರೆ ಬಿಡುವುದು. ಅಂಕಿ ಇಳಿದಿರುವುದು ಮಾತ್ರೆಯ ಕೆಲಸದಿಂದ. ಹೊಂದಿಕೆಯಾಗದಿದ್ದರೆ ಬದಲಾಯಿಸಲು ದಾರಿಯಿದೆ: ರಾಮಿಪ್ರಿಲ್, ಎನಲಾಪ್ರಿಲ್ ಒಣಕೆಮ್ಮು ತಂದರೆ ಟೆಲ್ಮಿಸಾರ್ಟಾನ್‌ನಂಥದ್ದನ್ನು ಕೊಡುತ್ತಾರೆ, ಅಮ್ಲೋಡಿಪಿನ್‌ನಿಂದಲೂ ಪಾದ ಊದಿಕೊಳ್ಳಬಹುದು, ಆದರೆ ಆ ಊತ ಮಾತ್ರೆಯದೋ ಹೃದಯದ್ದೋ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳನ್ನಂತೂ ಥಟ್ಟನೆ ನಿಲ್ಲಿಸಲೇಬಾರದು. ನೋವಿನ ಮಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ನನ್ನ ಸೋದರಮಾವ ಮೊಣಕಾಲು ನೋವಿಗೆಂದು ತಾವೇ ಅಂಗಡಿಯಿಂದ ತಂದ ಡಿಕ್ಲೊಫಿನಾಕ್ ಎರಡು ವಾರ ನುಂಗಿ, ಚಪ್ಪಲಿಯ ಪಟ್ಟಿ ಪಾದದ ಮೇಲೆ ಹಳ್ಳ ಮೂಡಿಸುವಷ್ಟು ಊದಿಸಿಕೊಂಡಿದ್ದರು. ಈ ಬಗೆಯ ಮಾತ್ರೆಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಬಿಪಿ ಏರಿಸುತ್ತವೆ.

ಹೃದಯ ವೈಫಲ್ಯ ಆಗಲೇ ಗೊತ್ತಾಗಿದ್ದರೆ ಎಕೋ ಪರೀಕ್ಷೆಯ (ಹೃದಯದ ಸ್ಕ್ಯಾನ್) ಇಜೆಕ್ಷನ್ ಫ್ರ್ಯಾಕ್ಷನ್ ಅಂಕಿಯನ್ನು, ಅಂದರೆ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುತ್ತದೆ ಎಂಬುದನ್ನು, ಕೇಳಿ ಬರೆದಿಟ್ಟುಕೊಳ್ಳಿ. ಅದು ಶೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದವರಿಗೆ ಡಿಲ್ಟಿಯಾಜೆಮ್, ವೆರಾಪಮಿಲ್ ಎಂಬ ಬಿಪಿ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಹಲವು ಬಿಪಿ ಇಳಿಸುವುದರ ಜೊತೆಗೆ ಆಯುಸ್ಸನ್ನೂ ಹೆಚ್ಚಿಸುವಂಥವು, ಆದ್ದರಿಂದ ಬಿಪಿಯ ಮೇಲಿನ ಅಂಕಿ 110 ಇದೆಯೆಂಬ ಒಂದೇ ಕಾರಣಕ್ಕೆ ಬಿಡುವಂತಿಲ್ಲ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯ ಮಾತ್ರೆಗಳಾಗಿ ಬಂದವು. ಈಗ ಸಕ್ಕರೆ ಕಾಯಿಲೆಯಿಲ್ಲದವರಿಗೂ ಹೃದಯಕ್ಕಾಗಿ ಕೊಡುತ್ತಾರೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಪ್ರತಿದಿನ ಒಂದೇ ತಕ್ಕಡಿಯ ಮೇಲೆ ತೂಕ ನೋಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರಿನ ತೂಕ ಎಂದೇ ತಿಳಿದು ಅಂದೇ ವೈದ್ಯರಿಗೆ ತಿಳಿಸಬೇಕು. ನೀರಿಳಿಸುವ ಮಾತ್ರೆಯ ಪ್ರಮಾಣ ಬದಲಾದಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಬೇಕು.

ಅಂಗಾತ ಮಲಗಲಾಗದೆ ದಿಂಬಿನ ಮೇಲೆ ದಿಂಬು ಬೇಕಾಗುವುದು, ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದು ಕಂಡರೆ ಮರುದಿನವೇ ತೋರಿಸಿ. ಕುಳಿತಲ್ಲೇ ಏದುಸಿರು, ನೊರೆಯಂಥ ಅಥವಾ ನಸುಗೆಂಪು ಕಫ, ಎದೆನೋವು, ಪ್ರಜ್ಞೆ ತಪ್ಪುವುದು, ಅಥವಾ 180/120 ದಾಟಿದ ಬಿಪಿಯೊಡನೆ ಉಸಿರಾಟದ ಕಷ್ಟ ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸದೆ ಒರಗಿಸಿ ಕೂರಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಮಗ್ಗುಲಾಗಿ ಮಲಗಿಸಿ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಕ್ಯಾಲೆಂಡರಿನ ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ.